ಅತ್ತೆ ಕೇಳಿಸಿಕೊಂಡ ಕ್ರಿಸ್‌ಮಸ್ ಕಥೆ

ನಾನು ಮದುವೆಯಾಗಿ ಆಲೂರು ಕಡೆಯ ಪಾಳ್ಯದ ಹತ್ತಿರ ಗಂಡನ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಒಬ್ಬರು ಟೀಚರ್ ಬಾಡಿಗೆಗಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ಅವರು ಮಂಗಳೂರು ಕಡೆಯವರು, ಕ್ರೈಸ್ತರು, ಮದುವೆಯಾಗಿರಲಿಲ್ಲ. ನಮ್ಮತ್ತೆಗೆ ಅವರೆಂದರೆ ಗೌರವ, ಸ್ವಲ್ಪ ಅನುಮಾನವೂ ಇತ್ತು. ‘ಅಷ್ಟು ಓದಿರೋ ಹೆಂಗ್ಸು ಒಂಟಿಯಾಗಿ ಹೆಂಗಿರ್ತಾಳೆ’ ಎಂಬುದು ಅವರಿಗೆ ಬಗೆಹರಿಯದ ಪ್ರಶ್ನೆಯಾಗಿತ್ತು.

ಪ್ರತಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆಂದು ಟೀಚರ್ ಬಾಳ್ಳುಪೇಟೆಗೆ ಹೋಗಿ ಮಂಗಳೂರಿನ ಬಸ್ಸು ಹತ್ತುತ್ತಿದ್ದರು. ನಾನು ಬಂದ ವರ್ಷ ಮಾತ್ರ ಶಾಲೆಯಿಂದ ಬಂದು ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಘಾಟಿ ರಸ್ತೆಯ ಪ್ರಯಾಣ ಬೇಡವೇ ಬೇಡ ಎಂದರು. ಹಬ್ಬ ಹತ್ತಿರ ಬರುತ್ತಿದ್ದಂತೆ ಟೀಚರ ಮಾತು ಕಡಿಮೆಯಾಯಿತು. ಊಟದ ತಟ್ಟೆ ತೆಗೆದುಕೊಂಡು ಹೋದರೆ ಅರ್ಧಕ್ಕೇ ಬಿಡುತ್ತಿದ್ದರು.

ಅತ್ತೆ ಇದನ್ನು ಗಮನಿಸಿ ಒಂದು ಬೆಳಿಗ್ಗೆ ಅವರ ಬಾಗಿಲಲ್ಲಿ ನಿಂತರು. “ಹಬ್ಬ ನಿಮ್ಮೂರಲ್ಲೇ ಆಗ್ಬೇಕು ಅಂತ ಐತಾ ಟೀಚರಮ್ಮ? ಇಲ್ಲೇ ಮಾಡ್ಕಳಿ. ಏನೇನು ಬೇಕು ಹೇಳಿ.”

ಟೀಚರ್ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಗೊಂಬೆಯನ್ನು ತೆಗೆದರು. ಅಂಗೈಯಷ್ಟಿನ ಮಣ್ಣಿನ ಮಗು, ಬಾಲಯೇಸು. ಅವರ ತಾಯಿ ಕೊಟ್ಟಿದ್ದಂತೆ. “ಹೆಚ್ಚೇನೂ ಬೇಡ ಅಮ್ಮ. ಇದನ್ನು ಮಲಗಿಸಲಿಕ್ಕೆ ಒಂದು ಗೋದಲಿ ಮಾಡ್ತೇವೆ. ಸ್ವಲ್ಪ ಹುಲ್ಲು ಸಿಕ್ಕಿದರೆ ಸಾಕು.”

“ಗ್ವಾದ್ಲಿನಾ? ದನಕ್ಕೆ ಮೇವು ಹಾಕೋ ಗ್ವಾದ್ಲಿ?”

“ಹೌದಮ್ಮ. ಅದೇ.”

“ದೇವ್ರನ್ನ ಗ್ವಾದ್ಲೀಲಿ ಮಲಗಿಸ್ತೀರಾ?” ಅತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೋ ಏನೋ ಎಂದು ನಾನು ಹೆದರಿದೆ. ಅವರು ಮಾತ್ರ, “ಹಂಗಾದ್ರೆ ಆಟದ್ದು ಯಾಕೆ? ನಿಜವಾದ್ದೇ ಐತಲ್ಲ” ಎಂದು ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೊರಟೇಬಿಟ್ಟರು.

ಹಬ್ಬದ ಹಿಂದಿನ ದಿನ ನಾನೂ ಅತ್ತೆಯೂ ಕೊಟ್ಟಿಗೆ ತೊಳೆದೆವು. ಆಗಷ್ಟೇ ಒಕ್ಕಣೆ ನಡೆಯುತ್ತಿದ್ದುದರಿಂದ ಹೊಸ ಹುಲ್ಲಿಗೆ ಕೊರತೆಯಿರಲಿಲ್ಲ. ಮೂಲೆಯ ಗೋದಲಿಯನ್ನು ಉಜ್ಜಿ ಒಣಗಿಸಿ, ಅದರ ತುಂಬ ಹುಲ್ಲು ಹರಡಿದೆವು. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಟೀಚರನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದರು. ಟೀಚರ್ ಗೊಂಬೆಯನ್ನು ಮಲಗಿಸಿ, ಕಣ್ಣು ಮುಚ್ಚಿ, ಕೊಂಕಣಿಯಲ್ಲಿ ಮೆಲ್ಲಗೆ ಪ್ರಾರ್ಥನೆ ಮಾಡಿದರು. ಪಕ್ಕದಲ್ಲಿ ಹಸು ಮೆಲುಕು ಹಾಕುತ್ತಿತ್ತು. ಅದು ಕತ್ತು ಚಾಚಿ ಗೋದಲಿಯ ಹುಲ್ಲಿಗೆ ಬಾಯಿ ಹಾಕಲು ಬಂದಾಗ ಅತ್ತೆ ಮೂತಿಗೊಂದು ಕೊಟ್ಟು, “ಈವತ್ತೊಂದಿನ ಸುಮ್ನಿರು” ಅಂದರು. ಟೀಚರ್ ಬಹಳ ದಿನದ ಮೇಲೆ ನಕ್ಕರು.

ನಮ್ಮ ಮನೆಯವರಿಗೆ ಎಲ್ಲದರ ಬುಡ ತಿಳಿಯಬೇಕು. “ಟೀಚರೇ, ಯೇಸು ಹುಟ್ಟಿದ್ದು ಇಪ್ಪತ್ತೈದನೇ ತಾರೀಕೇ ಅಂತ ಬೈಬಲ್‌ನಾಗೆ ಬರ್ದೈತಾ?” ಎಂದು ಕೇಳಿದರು.

“ಇಲ್ಲ. ತಾರೀಕೂ ಇಲ್ಲ, ತಿಂಗಳೂ ಇಲ್ಲ. ಮೊದಮೊದಲ ಕ್ರೈಸ್ತರು ಈ ಹಬ್ಬ ಮಾಡ್ತಾ ಇದ್ದ ಹಾಗೆಯೂ ಕಾಣುವುದಿಲ್ಲ. ಕೆಲವು ಶತಮಾನ ಕಳೆದ ಮೇಲೆ ರೋಮ್ ಪಟ್ಟಣದವರು ಈ ದಿನ ಆಚರಿಸ್ತಿದ್ದರು ಅಂತ ಗೊತ್ತಾಗ್ತದೆ. ಅಲ್ಲಿ ಈ ಕಾಲಕ್ಕೆ ಹಗಲು ತೀರಾ ಚಿಕ್ಕದು. ಸೂರ್ಯ ತಿರುಗಿ ಬರುವ ಹಬ್ಬ ಇತ್ತು, ಅದೇ ದಿನ ಇಟ್ಟುಕೊಂಡರು ಅಂತ ಕೆಲವರು ಹೇಳ್ತಾರೆ. ಮಾರ್ಚ್ ತಿಂಗಳಲ್ಲಿ ಗರ್ಭ ನಿಂತಿತು ಅಂತ ನಂಬಿ ಒಂಬತ್ತು ತಿಂಗಳು ಲೆಕ್ಕ ಹಾಕಿದರು ಅಂತ ಇನ್ನು ಕೆಲವರು. ಸರಿಯಾಗಿ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ದಿದ್ರೂ ಮಾಡ್ತೀರಾ?”

“ಹುಟ್ಟಿದ ದಿನ ಬರೆದಿಡದ ಮಕ್ಕಳು ಎಷ್ಟಿಲ್ಲ? ಹುಟ್ಟಿದ್ದಂತೂ ನಿಜ ಅಲ್ವಾ?”

ತಮ್ಮ ದೇವರ ವಿಷಯದಲ್ಲೇ ‘ಗೊತ್ತಿಲ್ಲ’ ಎಂದು ಇಷ್ಟು ಸಲೀಸಾಗಿ ಹೇಳಿ, ಆದರೂ ಅಷ್ಟೇ ಗಟ್ಟಿಯಾಗಿ ನಂಬುವವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಂಬಿಕೆ ಎಂದರೆ ಪ್ರಶ್ನೆಗೆ ಸಿಟ್ಟಾಗುವುದು ಎಂದೇ ನಾನು ತಿಳಿದಿದ್ದೆ.

ಅತ್ತೆಗೆ ತಾರೀಕು ಬೇಕಿರಲಿಲ್ಲ. “ಅದಿರ್ಲಿ. ಮಗೀನ ಗ್ವಾದ್ಲೀಲಿ ಯಾಕೆ ಮಲಗ್ಸುದ್ರು? ಅವ್ರಿಗೆ ಮನೆ ಇರ್ನಿಲ್ವಾ?”

ಟೀಚರ್ ಕಥೆ ಹೇಳಿದರು. ಜನಗಣತಿಗೆಂದು ರಾಜಾಜ್ಞೆಯಾಗಿ ಗಂಡ ಹೆಂಡತಿ ದೂರದ ಊರಿಗೆ ಹೊರಟದ್ದು, ಹೆಂಡತಿಗೆ ದಿನ ತುಂಬಿದ್ದು, ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ಗೋದಲಿಯಲ್ಲಿ ಮಲಗಿಸಿದ್ದು. ಸುದ್ದಿ ಮೊದಲು ತಲುಪಿದ್ದು ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ ಎಂದಾಗ ಅತ್ತೆ ತಲೆದೂಗಿದರು.

“ಬಸುರಿ ಹೆಂಗ್ಸಿಗೆ ಜಾಗ ಕೊಡ್ನಿಲ್ವಾ? ಎಂಥಾ ಜನ ಕಣಮ್ಮ ಅವ್ರು! ಹೆರಿಗೆ ಮಾಡ್ಸುದ್ದು ಯಾರು?”

“ಅದನ್ನು ಬರೆದಿಲ್ಲ ಅಮ್ಮ.”

“ಬರೆದೋರು ಗಂಡಸ್ರು ಇರ್ಬೇಕು ಬುಡಿ,” ಎಂದರು ಅತ್ತೆ. ಗೋದಲಿಯಿಂದ ಜಾರಿದ್ದ ಹುಲ್ಲನ್ನು ಒಳಕ್ಕೆ ತಳ್ಳಿ, “ದೇವ್ರಾಗಿದ್ದೋನು ಒಂದು ಒಳ್ಳೆ ಮನೆ ನೋಡ್ಕಂಡು ಹುಟ್ಬೋದಿತ್ತಲ್ಲ?” ಎಂದು ಕೇಳಿದರು.

“ಬೇಕಂತಲೇ ಹಾಗೆ ಬಂದ ಅಂತ ನಮ್ಮ ನಂಬಿಕೆ. ಮೇಲೆ ಕೂತು ನಮ್ಮ ಕಷ್ಟ ನೋಡುವುದಲ್ಲ, ಹಸಿವು ಚಳಿ ಇರುವ ಮೈಯನ್ನೇ ತಾನೂ ತೆಗೆದುಕೊಂಡ. ಇಮ್ಮಾನುವೇಲ ಅಂತ ಅವನಿಗೊಂದು ಹೆಸರು. ದೇವರು ನಮ್ಮ ಜೊತೆ ಇದ್ದಾನೆ ಅಂತ ಅರ್ಥ. ಕ್ರಿಸ್‌ಮಸ್ ಅಂದರೆ ಅಷ್ಟೇ ಅಮ್ಮ. ಕೇಕು, ನಕ್ಷತ್ರ ಎಲ್ಲ ಆಮೇಲಿನದ್ದು.”

ಅತ್ತೆ ದೀಪಕ್ಕೆ ಎಣ್ಣೆ ಸುರಿದು, ಹಸುವಿಗೆ ಬೇರೆ ಹುಲ್ಲು ಹಾಕಿದರು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ನಾನು ಟೀಚರಿಗೆ ಪಾಯಸ ಮಾಡುತ್ತಿದ್ದೆ. ಅಂಗಳದಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಆ ವರ್ಷ ಕೊಯ್ಲಿಗೆ ಬಯಲುಸೀಮೆಯ ಕಡೆಯಿಂದ ಬಂದಿದ್ದ ಕೆಲಸದವರು ಕಣದ ಪಕ್ಕ ಟಾರ್ಪಾಲು ಕಟ್ಟಿಕೊಂಡಿದ್ದರು. ಅವರಲ್ಲೊಬ್ಬಳು ತುಂಬು ಬಸುರಿ. ಅತ್ತೆ ಅವಳ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದರು. ಹಿಂದೆ ಅವಳ ಗಂಡ ಪಾತ್ರೆಗಳ ಗಂಟು ಹೊತ್ತು ಸಂಕೋಚದಿಂದ ಕಾಲೆಳೆಯುತ್ತಿದ್ದ.

“ಭತ್ತದ ಕೋಣೆ ಖಾಲಿ ಮಾಡು ಮಗ,” ಎಂದು ಅತ್ತೆ ನಮ್ಮ ಮನೆಯವರಿಗೆ ಹೇಳಿದರು.

“ಅಯ್ಯೋ ಅವ್ವ, ಅಷ್ಟು ಮೂಟೆ ಎಲ್ಲಿಡನ?”

“ಜಗಲಿ ಮೇಲೆ ಹಾಕು. ಮೂಟೆಗೇನು ಚಳಿ ಆಯ್ತದಾ?”

ಬಾಗಿಲಲ್ಲಿ ಕೂತಿದ್ದ ಟೀಚರ್ ಎಲ್ಲವನ್ನೂ ನೋಡುತ್ತಿದ್ದರು. ನಾನು ಪಾಯಸದ ಲೋಟ ಕೊಟ್ಟಾಗ ಅವರ ಕಣ್ಣು ತುಂಬಿತ್ತು. “ಊರಿಗೆ ಹೋಗಿದ್ದರೆ ಚರ್ಚಿನಲ್ಲಿ ಚಂದದ ಪೂಜೆ ಕೇಳಿ ಬರುತ್ತಿದ್ದೆ. ಇದನ್ನು ನೋಡುತ್ತಿರಲಿಲ್ಲ,” ಅಂದರು. ‘ನಿಮ್ಮ ಕಥೆ ಕೇಳಿಯೇ ಅತ್ತೆ ಹೀಗೆ ಮಾಡಿದರು’ ಎಂದು ನಾನು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ. ತಮ್ಮ ಮನೆಯ ಬಾಗಿಲು ತೆರೆಯಲು ತಮಗೆ ಯಾರೂ ಕಲಿಸಬೇಕಿಲ್ಲ ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಆ ಹೆಂಗಸಿಗೆ ಆಲೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಭತ್ತದ ಕೋಣೆಯಲ್ಲೇ ಬಾಣಂತನವಾಯಿತು. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸವನ್ನು ಅತ್ತೆ ನನಗೂ ಬಿಟ್ಟುಕೊಡಲಿಲ್ಲ. ಬೇಸಿಗೆಗೆ ಮುಂಚೆ ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ತಮ್ಮೂರಿಗೆ ಹೋದರು.

ಮುಂದಿನ ವರ್ಷ ಟೀಚರ್ ಹಬ್ಬಕ್ಕೆ ಊರಿಗೆ ಹೋಗಿ, ಬರುವಾಗ ಡಬ್ಬಿ ತುಂಬ ಕುಸ್ವಾರ್ ತಂದರು. ಕ್ರಿಸ್‌ಮಸ್ಸಿಗೆ ಅವರು ಮನೆಯಲ್ಲಿ ಮಾಡುವ ಕರಿದ ಸಿಹಿತಿಂಡಿಗಳು. ಜಗಲಿಯಲ್ಲಿ ಕೂತು ತಿನ್ನುವಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. “ಟೀಚರಮ್ಮ, ಆ ಗ್ವಾದ್ಲೀಲಿ ಮಲಗಿದ್ದ ಮಗ ದೊಡ್ಡೋನಾಗಿ ಏನಾದ?”

ಟೀಚರ್ ತಿಂಡಿಯನ್ನು ತಟ್ಟೆಯಲ್ಲಿಟ್ಟರು. ಕಾಯಿಲೆಯವರನ್ನು ಮುಟ್ಟಿ ಗುಣಪಡಿಸಿದ್ದು, ಜನ ಬೇಡವೆಂದವರ ಜೊತೆ ಕೂತು ಉಂಡದ್ದು, ಕೊನೆಗೆ ಅವನನ್ನು ಶಿಲುಬೆಗೆ ಹಾಕಿದ್ದು, ಮೂರನೆಯ ದಿನ ಎದ್ದು ಬಂದನೆಂದು ತಾವು ನಂಬುವುದು, ಎಲ್ಲವನ್ನೂ ಹೇಳಿದರು.

ಅತ್ತೆಯ ಮನಸ್ಸು ಶಿಲುಬೆಯ ಹತ್ತಿರವೇ ನಿಂತುಬಿಟ್ಟಿತ್ತು. “ಮೊಳೆ ಹೊಡಿಯೋವಾಗ ಅವ್ರವ್ವ ಬದುಕಿದ್ಲಾ?”

“ಇದ್ದಳು ಅಮ್ಮ. ಶಿಲುಬೆಯ ಬುಡದಲ್ಲೇ ನಿಂತಿದ್ದಳು.”

“ಓಡೋಗ್ನಿಲ್ವಾ?”

“ಇಲ್ಲ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, “ತಾಯಿ ಕಣಮ್ಮ,” ಎಂದಷ್ಟೇ ಹೇಳಿ, ಹಾಲು ಕರೆಯಲು ಎದ್ದರು.