ಕರಿಯನ ಬಾಯಲ್ಲಿದ್ದ ಕೆಂಪು ಪುಕ್ಕ

ನಾಯಿಯ ಬಾಯಲ್ಲಿ ಕೋಳಿಯ ಪುಕ್ಕ ಕಂಡರೆ ನೀವು ಏನು ತಿಳಿದುಕೊಳ್ಳುತ್ತೀರಿ?

ನಾನೂ ಅದನ್ನೇ ತಿಳಿದುಕೊಂಡೆ.

ಕಿಣ್ಣಿ ಸುಲ್ತಾನ ಊರಿನ ನಮ್ಮ ಹಿತ್ತಲಲ್ಲಿ ಹದಿನಾಲ್ಕು ಕೋಳಿಗಳಿದ್ದವು. ಹಿತ್ತಲಿಗೂ ಪಕ್ಕದ ಮನೆಯ ಶರಣಮ್ಮನ ಅಂಗಳಕ್ಕೂ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಅವರು ಲಿಂಗವಂತರು. ಆ ಮನೆಯೊಳಗೆ ಮೊಟ್ಟೆಯ ಸಿಪ್ಪೆಯೂ ಹೋಗುವಂತಿಲ್ಲ. ಆದರೂ ನನ್ನ ಕೋಳಿಗಳು ಅವಳು ಒಣಹಾಕಿದ ಜೋಳ ಕೆದರಿದರೆ ‘ಹುಶ್’ ಅನ್ನುತ್ತಿದ್ದಳೇ ಹೊರತು ಒಂದು ದಿನವೂ ಕಲ್ಲೆತ್ತಿದವಳಲ್ಲ. ದಿನಾ ಬೆಳಿಗ್ಗೆ ಅವಳ ಒಲೆಯಿಂದಲೇ ನನ್ನ ಒಲೆಗೆ ಕೆಂಡ ಬರುತ್ತಿತ್ತು. (ಈ ಯುದ್ಧದ ಕಾಲದಲ್ಲಿ ಕಡ್ಡಿಪೆಟ್ಟಿಗೆ ಹುಡುಕುವುದಕ್ಕಿಂತ ಹುಲಿಯ ಹಾಲು ತರುವುದು ಸುಲಭ.)

ಸುಗ್ಗಿಯಲ್ಲಿ ಕೋಳಿಗಳು ಒಂದೊಂದೇ ಕಾಣೆಯಾಗತೊಡಗಿದವು. ಕೋಳಿಗೆ ವೈರಿಗಳೇನು ಕಡಿಮೆಯೇ? ಹದ್ದು, ಕಾಡುಬೆಕ್ಕು, ಮತ್ತೆ ಕಂದಾಯದ ಲೆಕ್ಕ ನೋಡಲು ದೌರಾಕ್ಕೆ ಬರುವ ಗಿರ್ದಾವರ. (ಕೊನೆಯವನಿಗೆ ಯಾವ ಬೇಲಿಯೂ ತಡೆಯಲ್ಲ.) ಮೂರು ಹೋದವು. ನಾಲ್ಕನೆಯದು ಹೋದ ಮಧ್ಯಾಹ್ನ ಶರಣಮ್ಮನ ನಾಯಿ ಕರಿಯ ನಮ್ಮ ಹಿತ್ತಲಿಂದ ಗೋಡೆ ಜಿಗಿಯುವುದನ್ನು ಕಂಡೆ. ಬಾಯಲ್ಲಿ ಕೆಂಪು ಪುಕ್ಕ.

ಅವಳ ಅಂಗಳದಲ್ಲೇ ಕೋರ್ಟು ಹೂಡಿದೆ. ಸಾಕ್ಷಿಯೂ ನಾನೇ, ಜಡ್ಜೂ ನಾನೇ.

“ಯಕ್ಕಾ, ರೊಟ್ಟಿ ಮಜ್ಜಿಗಿ ಮ್ಯಾಲ ಬೆಳದ ನಾಯಿ ಅದು. ಮಾಂಸದ ರುಚಿನೇ ಗೊತ್ತಿಲ್ಲ ಅದಕ,” ಎಂದಳು ಶರಣಮ್ಮ.

“ಈಗ ಹತ್ಯಾದ ರುಚಿ. ಬಾಯಿ ತೆಗಸಿ ನೋಡು ಬೇ!” ಎಂದೆ.

ಅವಳು ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದಳು. “ಇದರ ಆಣಿ ಯಕ್ಕಾ. ನಮ್ಮ ಕರಿಯ ನಿನ್ನ ಕೋಳಿ ತಿಂದಿಲ್ಲ.”

ಅಷ್ಟರಲ್ಲಿ ಹತ್ತು ಜನ ಸೇರಿದ್ದರು. ಜನ ಸೇರಿದರೆ ನನ್ನ ನಾಲಗೆಗೆ ಹಬ್ಬ.

“ಲಿಂಗ ನಿನ್ನ ಕೊರಳಾಗ ಅದ ಬೇ. ನಿನ್ನ ನಾಯಿ ಕೊರಳಾಗ ಇಲ್ಲಲ್ಲ!”

ಜನ ಬಿದ್ದು ಬಿದ್ದು ನಕ್ಕರು. ಶರಣಮ್ಮ ಲಿಂಗವನ್ನು ಸೆರಗಿನೊಳಗೆ ಸೇರಿಸಿ ಒಳಗೆ ಹೋದಳು. ಮರುದಿನ ಊರ ಮುಂದೆ ಹಾದುಹೋಗುತ್ತಿದ್ದ ಕುರುಬರ ಕೈಗೆ ಕರಿಯನ ಹಗ್ಗ ಕೊಟ್ಟುಬಿಟ್ಟಳು. ಗೆದ್ದೆ ಎಂದುಕೊಂಡೆ.

ಎಂಟು ದಿನದಲ್ಲಿ ಒಂಬತ್ತು ಕೋಳಿ ಹೋದವು.

ಒಂಬತ್ತನೆಯ ದಿನ ನಡುಹಗಲಲ್ಲೇ ಕಂಡೆ. ಒಂದು ಮುಂಗುಸಿ ನನ್ನ ಕೊನೆಯ ಹೇಂಟೆಯ ಕುತ್ತಿಗೆ ಹಿಡಿದು ಎಳೆದೊಯ್ಯುತ್ತಿತ್ತು. ಎಲ್ಲಿಗೆ? ನನ್ನದೇ ಸಗಣಿ ಕುಳ್ಳಿನ ರಾಶಿಯ ಕೆಳಗೆ. ಅಲ್ಲಿ ಮುಂಗುಸಿ ಇರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಅದಿದ್ದರೆ ಹಾವು ಬರುವುದಿಲ್ಲ, ಅದರ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂದು ನಾನೇ ಓಡಿಸದೆ ಬಿಟ್ಟಿದ್ದೆ. ದಿನಾ ಎದ್ದು ಕಳ್ಳನ ಮುಖ ನೋಡಿ ಕೈಮುಗಿದೆ. ಕಾವಲುಗಾರನನ್ನು ಊರು ಬಿಡಿಸಿದೆ.

ಕುಳ್ಳು ಸರಿಸಿದೆ. ಬಿಲದ ತುಂಬ ಪುಕ್ಕ. ಬಿಲದ ಬಾಯಿ ಸುತ್ತ ನಾಯಿ ಕೆರೆದ ಉಗುರಿನ ಗೀರು. ಕರಿಯ ಮುಂಗುಸಿಯ ಬಾಯಿಂದ ಕೋಳಿ ಕಸಿಯಲು ಹೋಗಿ ಪುಕ್ಕವೊಂದನ್ನೇ ಪಡೆದಿತ್ತು.

ಈಗ ನೆಲೋಗಿಯಿಂದ ಮಗಳು ಒಂದು ಹೇಂಟೆ, ಒಂಬತ್ತು ಮರಿ ಕಳಿಸಿದ್ದಾಳೆ. ಬಿಲಕ್ಕೆ ಗಡಿಗೆ ಚೂರು, ಕಲ್ಲು ಜಡಿದಿದ್ದೇನೆ. ಸುತ್ತ ಜಾಲಿಮುಳ್ಳು. ಸಂಜೆಗೆ ಬುಟ್ಟಿ ಕವುಚಿ ಮೇಲೆ ಒರಳುಕಲ್ಲು. ಹಾವು ಬಂದರೆ ಬರಲಿ, ಬಡಿಗೆ ಇದೆ.

ಹೋದ ವಾರ ಖಜೂರಿಗೆ ಹೋಗಿ ಆ ಕುರುಬರ ಹಟ್ಟಿಯನ್ನು ಹುಡುಕಿದೆ. ಮುದುಕ ಕುರುಬ ನಕ್ಕ. “ಆಯಿ, ಇದಾ ಏನ್ರಿ ನಿಮ್ಮ ಕೋಳಿ ಕಳ್ಳ? ನೋಡ್ರಿ, ನಿನ್ನೆ ಹುಟ್ಟಿದ ಕುರಿಮರಿ ಕಾಯಾಕತ್ತದ. ಬೇಕಂದ್ರ ಕರಕೊಂಡ್ ಹೋಗ್ರಿ.”

ಕರೆದೆ. ಕರಿಯ ನನ್ನನ್ನು ನೋಡಿ ಬಾಲ ಒಳಗೆಳೆದು ಕುರಿಗಳ ಹಿಂದೆ ಸೇರಿತು. ಬರಿಗೈಲಿ ಬಂದೆ.

ಬಂದು ನೋಡಿದರೆ ಶರಣಮ್ಮ ನಡುವಿನ ಗೋಡೆಯನ್ನು ಆಳೆತ್ತರಕ್ಕೆ ಏರಿಸುತ್ತಿದ್ದಾಳೆ. ಮರಿಗಳಿಗೆ ಅದೂ ಒಳ್ಳೆಯದೇ. ನಾನೀಗ ಮೂರು ಮನೆ ದಾಟಿ ಕೆಂಡ ತರುತ್ತೇನೆ. ನನ್ನ ಒಲೆ ಮುಟ್ಟುವಷ್ಟರಲ್ಲಿ ಅರ್ಧ ಬೂದಿ.

ಗೋಡೆ ಮುಗಿಯುವುದರೊಳಗೆ ಅವಳ ಅಂಗಳಕ್ಕೆ ಹೋಗಿ ತಪ್ಪಾಯಿತು ಅನ್ನಬೇಕು. ಆದರೆ ಮಾತಾಡಿದ್ದು ಹತ್ತು ಜನರ ಮುಂದೆ. ಒಬ್ಬಳೇ ಹೋಗಿ ಪಿಸುಗುಟ್ಟಿದರೆ ತಪ್ಪು ಒಪ್ಪಿದಂತಾಗುತ್ತದೆಯೇ? ಆ ಹತ್ತು ಜನರನ್ನು ಕರೆದರೆ ಬಂದಾರು.

ಕರೆಯುವ ಎದೆ ನನಗೆ ಎಲ್ಲಿದೆ?