ಮಸ್ಕಿಯ ಬಂಡೆಯ ಮುಂದೆ ಅಕ್ಕ ಕೇಳಿದ್ದು

ಕಾರಿನ ಹಿಂದಿನ ಸೀಟಿನಲ್ಲಿ ಇಳಕಲ್ ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು ಇದ್ದವು. ಅಕ್ಕನಿಗೆ ಉಡಿ ತುಂಬಲು! ಹೆಣ್ಣುಮಕ್ಕಳು ತವರಿನ ಹೊಲದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸೈನ್ ಹಾಕಿದ ದಿನ ನಮ್ಮ ಕಡೆ ಹೀಗೆ ಸೀರೆ ಕೊಡುತ್ತೇವೆ. ಬಾಯಿ ಮುಚ್ಚಿಸಲು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಕಳೆದ ವಾರ ಅಕ್ಕನನ್ನು ಲಿಂಗಸುಗೂರಿನಿಂದ ಸಿಂಧನೂರಿನ ನೋಂದಣಿ ಕಚೇರಿಗೆ ಕರೆದೊಯ್ಯುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಗೊರೇಬಾಳದ ಗದ್ದೆ ನನ್ನ ಹೆಸರಿಗೆ ಆಗಬೇಕಿತ್ತು. 'ಹೊಲದ ಕಾಗದಕ್ಕ ಒಂದು ಸೈನ್ ಐತಿ, ಬಾ ಅಕ್ಕಾ' ಎಂದಿದ್ದೆ. ಯಾಕೆ, ಏನು ಎನ್ನದೆ ಬಂದಳು. (ಸಮಾನತೆಯ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಕೊರೆದಿದ್ದೇನೆ, ನೀವೇ ಬಲ್ಲಿರಿ!)

ದಾರಿಯಲ್ಲಿ ಮಸ್ಕಿ. ಇಷ್ಟು ವರ್ಷ ಓಡಾಡಿದರೂ ಅಲ್ಲಿನ ಶಾಸನ ನೋಡಿಲ್ಲ ಎಂದಳು. ಟೈಮ್ ಇತ್ತು. ಗುಡ್ಡದ ಬಳಿ ನಿಲ್ಲಿಸಿದೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ರಾಜನೊಬ್ಬ ಬಂಡೆಯಲ್ಲಿ ಕೊರೆಸಿದ ಅಕ್ಷರ. ಅಕ್ಕ ಸೆರಗು ತಲೆಗೆ ಎಳೆದುಕೊಂಡು ಕೈ ಮುಗಿದಳು.

'ಏನು ಬರಸ್ಯಾನೋ ತಮ್ಮಾ, ರಾಜ?'

ನನಗೆ ಹುರುಪು ಬಂತು. 'ಧರ್ಮದಿಂದ ನಡದ್ರ ಸಣ್ಣ ಮನುಷ್ಯಾನೂ ಸ್ವರ್ಗ ಮುಟ್ಟತಾನ, ಅದು ದೊಡ್ಡವರಿಗಷ್ಟ ಅಂತ ತಿಳೀಬ್ಯಾಡ್ರಿ ಅಂದಾನ. ಇದನ್ನ ಸಣ್ಣವರಿಗೂ ದೊಡ್ಡವರಿಗೂ ಹೇಳ್ರಿ ಅಂತನೂ ಬರಸ್ಯಾನ.'

'ಅಷ್ಟ್ ದೊಡ್ಡ ರಾಜ, ಸಣ್ಣವರಿಗೂ ಹೇಳ್ರಿ ಅಂದಾನಾ!'

ಆಮೇಲೆ ನನ್ನ ಕಡೆ ತಿರುಗಿದಳು.

'ಅಲ್ಲೋ, ಆ ಹೊಲದಾಗ ನಂದೇನೂ ಇಲ್ಲಂದ್ರ ನನ್ನ ಸೈನ್ ಯಾಕ ಬೇಕು?'

'ಐತಿ ಅಕ್ಕಾ. ಕಾನೂನಿನಾಗ ನನಗೆಷ್ಟೋ ನಿನಗೂ ಅಷ್ಟ ಐತಿ.'

'ಮತ್ತ ನನಗ ಯಾಕ ಹೇಳಲಿಲ್ಲ?'

ರಾಜ ಬಂಡೆಯಲ್ಲಿ ಕೊರೆಸಿದ. ಸಂವಿಧಾನ ಎಲ್ಲರೂ ಸಮಾನರು ಎಂದಿತು. ಅದಾಗಿ ದಶಕಗಳ ನಂತರ ಕಾಯ್ದೆ ತಿದ್ದಿ ಮಗಳಿಗೂ ಮಗನಷ್ಟೇ ಪಾಲು ಎಂದರು. ಅಬ್ಬಾ, ಎಷ್ಟು ದೂರ ನಡೆದು ಬಂದ ಮಾತು! ಅದನ್ನು ನಾನು ಒಂದು ಸೀರೆಯ ಕೆಳಗೆ ಮುಚ್ಚಿಟ್ಟಿದ್ದೆ. ನಾಲ್ಕನೇ ಕ್ಲಾಸು ಓದಿದ ಅಕ್ಕ ಎರಡೇ ಪ್ರಶ್ನೆಯಲ್ಲಿ ಹೊರಗೆಳೆದಳು. ನಾನು ಬೆರಗಾದದ್ದು ಬಂಡೆಗೋ ಅಕ್ಕನಿಗೋ, ಇನ್ನೂ ತಿಳಿದಿಲ್ಲ.

ಕಚೇರಿಗೆ ಹೋಗಲಿಲ್ಲ. ಸೀದಾ ಗೊರೇಬಾಳಕ್ಕೆ ಹೋದೆವು. ಅಕ್ಕ ಬದುವಿನ ಮೇಲೆ ನಿಂತು ಗದ್ದೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. 'ನನ್ನ ಪಾಲು ಕಾಲುವಿ ಕಡೀಗೆ ಇರ್ಲಿ' ಎಂದಳು. (ಸೀರೆಯನ್ನೂ ಬಿಡಲಿಲ್ಲ!)

ರಾಜ ಹೇಳಿದ, ಕಾನೂನೂ ಹೇಳಿತು. ನಿಮ್ಮ ಅಕ್ಕನಿಗೆ ನೀವು ಹೇಳಿದ್ದೀರಾ?