ರಸ್ತೆಯ ಕಡೆಗಿನ ದಾಸವಾಳ

ಬೋಗಾದಿಯ ನಮ್ಮ ಬಡಾವಣೆಯಲ್ಲಿ ಎಲ್ಲ ಗೇಟುಗಳಿಗೂ ಒಳಗಿನಿಂದ ಚಿಲಕ. ಎಂಟಕ್ಕೆ ಯಜಮಾನರು ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ.

ಬೆಳಿಗ್ಗೆ ಆರಕ್ಕೆ ಮಾತ್ರ ಹಳೇ ಊರಿನ ಕಡೆಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ತುದಿಗೆ ಕಂಬಿ ಬಗ್ಗಿಸಿ ಕಟ್ಟಿದ ಕೋಲು. ಕಾಂಪೌಂಡಿನಾಚೆ ಬಾಗಿದ ನಮ್ಮ ದಾಸವಾಳದ ಕೊಂಬೆ ಎಳೆದು ಹೂ ಕೀಳುತ್ತಾ ಅಡುಗೆಮನೆಯ ಕಿಟಕಿಯತ್ತ ಕೂಗುತ್ತಿದ್ದರು: "ಏನವ್ವ, ಇವತ್ತೂ ಉಪ್ಪಿಟ್ಟೇನಾ? ನಿನ್ ಯಜಮಾನ್ರು ಪಾಪ ಕಣವ್ವ!"

ನಾನು ನಕ್ಕು, ತಲೆಯಾಡಿಸಿ, ಒಗ್ಗರಣೆಯತ್ತ ತಿರುಗಿಕೊಳ್ಳುತ್ತಿದ್ದೆ. ಹೋಗುವಾಗ ಎರಡು ಹೂ ಗೇಟಿಗೆ ಸಿಕ್ಕಿಸಿ, "ನಿನ್ ದೇವ್ರಿಗೂ ಇರ್ಲಿ" ಎನ್ನುತ್ತಿದ್ದರು. ನಮ್ಮ ಹೂವನ್ನೇ ನಮಗೆ!

ಒಮ್ಮೆ ಅಜ್ಜಿ ಎಳೆದ ರಭಸಕ್ಕೆ ಕೊಂಬೆ ಮುರಿದು ಮೊಗ್ಗುಗಳೆಲ್ಲ ನೆಲದಲ್ಲಿದ್ದವು. ಯಾರ ಮೇಲೂ ದನಿಯೆತ್ತಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಹಾಗಾಗಿ ರಟ್ಟಿನ ಮೇಲೆ ದುಂಡಗೆ ಬರೆದು ಗೇಟಿಗೆ ಕಟ್ಟಿದೆ: "ದಯವಿಟ್ಟು ಹೂ ಕೀಳಬೇಡಿ." ಅಡಿಗೆರೆಯನ್ನೂ ಸ್ಕೇಲಿಟ್ಟು ಎಳೆದಿದ್ದೆ.

ಮರುದಿನ ಅಜ್ಜಿ ಹಾಲು ಹಾಕುವವಳನ್ನು ನಿಲ್ಲಿಸಿ, "ಏನಂತ ಬರ್ದವ್ರೆ, ಓದು" ಎಂದರು. ಅವಳು ಓದಿದಳು. ಕಿಟಕಿಯ ಹಿಂದೆ ನಾನು ನಿಂತಿದ್ದೆ. ಅಜ್ಜಿ ಈ ಕಡೆ ನೋಡಲಿಲ್ಲ. ಕೋಲನ್ನು ಹೆಗಲಿಗೇರಿಸಿ ಹೊರಟುಹೋದರು.

ಆಮೇಲೆ ಬರಲೇ ಇಲ್ಲ. ಹದಿನೈದು ದಿನವಾಗಿರಬೇಕು, ಅವಲಕ್ಕಿ ಕಲಸುತ್ತಿದ್ದವಳು "ಇವತ್ತು ಉಪ್ಪಿಟ್ಟಲ್ಲ" ಎಂದು ಖಾಲಿ ರಸ್ತೆಗೆ ನಾನೇ ಹೇಳಿದೆ. ಅಂದೇ ರಟ್ಟು ಬಿಚ್ಚಿದೆ. ಬುಟ್ಟಿ ತುಂಬ ಹೂ ಕೊಯ್ದು, ಹಾಲಿನವಳಲ್ಲಿ ವಿಚಾರಿಸಿಕೊಂಡು ಅವರ ಮನೆಗೆ ಹೋದೆ.

ಜಗಲಿಯಲ್ಲಿ ಕೂತಿದ್ದ ಅಜ್ಜಿ ಎದ್ದು ನಿಂತರು. "ಬನ್ನಿ ಮೇಡಂ."

"ತಪ್ಪಾಯ್ತು ಅಜ್ಜಿ. ನಾಳೆಯಿಂದ ಬನ್ನಿ."

"ತಪ್ಪೇನು ಬುಡಿ, ನಿಮ್ ಗಿಡ. ಆದ್ರೆ ಎರಡ್ ವರ್ಷ ದಿನಾ ಮಾತಾಡ್ಸಿದ್ನಲ್ಲ, ಬೇಡ ಅಂತ ಒಂದ್ ಮಾತು ಬಾಯ್ಬುಟ್ಟು ಏಳಕ್ಕಾಗ್ಲಿಲ್ವಾ? ಬೋರ್ಡ್ ಆಕಕ್ಕೆ ನಾನೇನು ಕಳ್ಳೀನಾ?"

ನಾನು ಬುಟ್ಟಿ ಮುಂದೆ ಚಾಚಿದೆ. ಹೂ ತೆಗೆದುಕೊಂಡರು. ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು, ಕುಡಿದೆ. ಏನು ತಿಂಡಿಯೆಂದು ಅವರು ಕೇಳಲಿಲ್ಲ.

ಈಗಲೂ ಆರಕ್ಕೆ ಕಿಟಕಿ ತೆರೆಯುತ್ತೇನೆ. ಪೂಜೆಗೆ ಒಳಗಿನ ಕೊಂಬೆಯ ಹೂವಷ್ಟೇ ಕೊಯ್ಯುತ್ತೇನೆ. ರಸ್ತೆಯ ಕಡೆಗಿನವು ಹಾಗೇ ಅರಳಿರುತ್ತವೆ, ಸಂಜೆಗೆ ಮುದುಡಿ ಉದುರುತ್ತವೆ.